ಹಳೇ ಎಸ್‌ಜೆ413 ಎತ್ತಬೇಕು, ದುಡ್ಡು ಕಮ್ಮಿ ಇದೆ

ಮಣ್ಣುದಾರಿ:

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಸುಜುಕಿ ಎಸ್‌ಜೆ413 ಜೀಪು. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪ್ಲೇಟುಗಳ ಕಟ್ಟು), ಇಲ್ಲಿಯವರೆಗೆ ಯಾರೂ ಬಿಚ್ಚಿಲ್ಲ. ಕಲ್ಲುದಾರಿಯಲ್ಲಿ ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗೇರ್ ಗುಂಡು) ತಗಲುತ್ತದೆ, ದಿಬ್ಬ ಹತ್ತಿ ಇಳಿಯುವಾಗ ಹೊಟ್ಟೆ ಉಜ್ಜುತ್ತದೆ. ಈಗಿರುವ ಟೈರ್ 205/70 ಆರ್15. ಗೆಳೆಯನ ಹತ್ತಿರ ಇರುವ 235/75 ಆರ್15 ಹಾಕಿ ನೋಡಿದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಫೆಂಡರಿಗೆ ತಾಗುತ್ತದೆ.

ಪೂರ್ತಿ ಲಿಫ್ಟ್ ಕಿಟ್ ಕೊಳ್ಳುವ ಶಕ್ತಿ ಇಲ್ಲ. ಉದ್ದನೆಯ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ತೂಗುಪಟ್ಟಿ) ಮಾಡಿಸಿದರೆ ಸಾಕಾ? ಒಬ್ಬರು ಸ್ಪ್ರಿಂಗ್ ಮತ್ತು ಆಕ್ಸಲ್ ಮಧ್ಯೆ ಬ್ಲಾಕ್ ಇಡಿ ಅಂದರು. ಇನ್ನೊಬ್ಬರು ಸ್ಪ್ರಿಂಗನ್ನೇ ಆಕ್ಸಲ್ ಮೇಲಕ್ಕೆ ತನ್ನಿ ಅಂದರು. ಯಾರ ಮಾತು ಕೇಳಲಿ?

ಗ್ರೀಸ್‌ಕೈ:

ಸ್ಪ್ಯಾನರ್ ಆಮೇಲೆ, ಮೊದಲು ಟೇಪ್ ಹಿಡಿಯಿರಿ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚು ಕಮ್ಮಿಯಾದರೆ ಲೆಕ್ಕ ಕೆಡುತ್ತದೆ. ಇಷ್ಟು ಹಳೇ ಗಾಡಿಯಲ್ಲಿ ಸ್ಪ್ರಿಂಗ್ ಪ್ಲೇಟುಗಳು ಕಮಾನು ಕಳೆದುಕೊಂಡು ಕೂತಿರುತ್ತವೆ, ಡ್ರೈವರ್ ಕಡೆ ಸಾಮಾನ್ಯವಾಗಿ ಇನ್ನೂ ಜಾಸ್ತಿ. ನೀವು ಹುಡುಕುತ್ತಿರುವ ಎತ್ತರದಲ್ಲಿ ಸ್ವಲ್ಪ ಭಾಗ ಅಲ್ಲೇ ಕಳೆದುಹೋಗಿದೆ.

ಡಿಫರೆನ್ಷಿಯಲ್ ವಿಷಯ. ಸಸ್ಪೆನ್ಷನ್ ಎಷ್ಟೇ ಎತ್ತಿ, ಅದು ಕೂದಲೆಳೆಯಷ್ಟೂ ಮೇಲೆ ಬರುವುದಿಲ್ಲ. ಅದು ಇರುವುದು ಆಕ್ಸಲ್ಲಿನಲ್ಲಿ, ಆಕ್ಸಲ್ ನಿಂತಿರುವುದು ಚಕ್ರದ ಮೇಲೆ. ಸ್ಪ್ರಿಂಗ್ ಎತ್ತುವುದು ಚಾಸಿ, ಬಾಡಿ ಎರಡನ್ನು ಮಾತ್ರ. ಅದರಿಂದ ಹೊಟ್ಟೆ ಉಜ್ಜುವುದು ಕಮ್ಮಿಯಾಗುತ್ತದೆ, ದೊಡ್ಡ ಟೈರಿಗೆ ಜಾಗ ಸಿಗುತ್ತದೆ. ಡಿಫರೆನ್ಷಿಯಲ್ ಏಳಬೇಕಾದರೆ ಟೈರೇ ಗತಿ. ನಿಮ್ಮ ಈಗಿನ ಟೈರಿನ ವ್ಯಾಸ ಸುಮಾರು 668 ಮಿ.ಮೀ., ದೊಡ್ಡದರದ್ದು ಸುಮಾರು 733. ವ್ಯತ್ಯಾಸದ ಅರ್ಧ, ಅಂದರೆ 33 ಮಿ.ಮೀ. ಹತ್ತಿರ ನಿಮಗೆ ಸಿಗುವುದು. ಹಾಗಾಗಿ ಆ ಟೈರ್ ಉಜ್ಜದೆ ತಿರುಗುವಷ್ಟು ಎತ್ತಿ, ಸಾಕು. ಉಳಿದದ್ದೆಲ್ಲ ಫೋಟೋಗೆ.

ಇನ್ನು ಶ್ಯಾಕಲ್. 2 ಇಂಚು ಉದ್ದ ಮಾಡಿಸಿದರೆ ಗಾಡಿ ಏಳುವುದು ಸುಮಾರು 1 ಇಂಚು ಅಷ್ಟೇ. ಸ್ಪ್ರಿಂಗಿನ ಒಂದು ತುದಿ ಮಾತ್ರ ಕೆಳಗಿಳಿಯುತ್ತದೆ ಅಲ್ವಾ? ಹಿಂದುಗಡೆ ಇದರ ತಂಟೆ ಕಮ್ಮಿ. ಮುಂದುಗಡೆ ಎಸ್‌ಜೆಯಲ್ಲಿ ಶ್ಯಾಕಲ್ ಇರುವುದು ಸ್ಪ್ರಿಂಗಿನ ಮುಂದಿನ ತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಆಕ್ಸಲ್ಲಿನ ಮೇಲ್ಭಾಗ ಮುಂದಕ್ಕೆ ವಾಲುತ್ತದೆ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಮ್ಮಿಯಾಗುತ್ತದೆ. ಆಮೇಲೆ ತಿರುವಿನಲ್ಲಿ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ವೇಗದಲ್ಲಿ ಗಾಡಿ ಅತ್ತಿತ್ತ ಎಳೆಯುತ್ತದೆ. ಸ್ಪ್ರಿಂಗ್ ಮತ್ತು ಆಕ್ಸಲ್ಲಿನ ಮಧ್ಯೆ ಓರೆಯಾದ ಉಕ್ಕಿನ ತುಂಡು ಇಟ್ಟು ಇದನ್ನು ಸರಿಮಾಡಬಹುದು. ನಿಮ್ಮದರಲ್ಲಿ ಸ್ಪ್ರಿಂಗ್ ಆಕ್ಸಲ್ಲಿನ ಕೆಳಗಿದೆ, ಆದ್ದರಿಂದ ದಪ್ಪ ತುದಿ ಮುಂದಕ್ಕೆ ಇರಬೇಕು. ಆದರೆ ಆಗ ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್ಲಿಗೆ ಶಕ್ತಿ ಒಯ್ಯುವ ದಂಡ) ಜಾಯಿಂಟಿನ ಕೋನ ಜಾಸ್ತಿಯಾಗುತ್ತದೆ. ಒಂದು ಸರಿಮಾಡಿದರೆ ಇನ್ನೊಂದು ಬಾಲ ಅಲ್ಲಾಡಿಸುತ್ತದೆ, ಅದಕ್ಕೇ ಸ್ವಲ್ಪವೇ ಎತ್ತಿ ಅನ್ನುವುದು.

ಬ್ಲಾಕ್ ನಿಮಗೆ ಬೇಡವೇ ಬೇಡ. ಸ್ಪ್ರಿಂಗ್ ಆಕ್ಸಲ್ಲಿನ ಕೆಳಗಿರುವ ಗಾಡಿಯಲ್ಲಿ ಮಧ್ಯೆ ಬ್ಲಾಕ್ ಇಟ್ಟರೆ ಗಾಡಿ ಏಳುವ ಬದಲು ಇಳಿಯುತ್ತದೆ. ಸ್ಪ್ರಿಂಗ್ ಮೇಲಿರುವ ಗಾಡಿಯಲ್ಲೂ ಮುಂದುಗಡೆ ಇಡಲೇಬಾರದು. ಬ್ರೇಕ್ ಹಾಕಿದಾಗ ಬೀಳುವ ತಿರುಚು ಪೂರ್ತಿ ಆ ತುಂಡಿನ ಮೇಲೆ, ಅದು ಜಾರಿದರೆ ಸ್ಟೀರಿಂಗ್ ಕೈಯಲ್ಲಿ ಇರುವುದಿಲ್ಲ. ಒಂದರ ಮೇಲೊಂದು ಪೇರಿಸುವುದಂತೂ ಎಲ್ಲಿಯೂ ಬೇಡ.

ನಿಮ್ಮ ದುಡ್ಡು ಹೋಗಬೇಕಾದದ್ದು ಪ್ಲೇಟುಗಳಿಗೆ. ಕಟ್ಟು ಬಿಚ್ಚಿ, ವೈರ್ ಬ್ರಷ್‌ನಲ್ಲಿ ತುಕ್ಕು ಉಜ್ಜಿ, ಬಿರುಕು ಬಿಟ್ಟ ಪ್ಲೇಟ್ ಇದ್ದರೆ ಬದಲಿಸಿ. ಪ್ರೆಸ್‌ನಲ್ಲಿ ತಣ್ಣಗೇ ಕಮಾನು ಕೊಡಿಸಿ. ಗ್ಯಾಸ್ ಹಚ್ಚಿ ಕಾಯಿಸಿ ಬಗ್ಗಿಸುತ್ತೇನೆ ಅನ್ನುವವರ ಹತ್ತಿರ ಬಿಡಬೇಡಿ, ಉಕ್ಕಿನ ಹದ ಹೋಗಿ ಬೇಗ ಮತ್ತೆ ಕೂರುತ್ತದೆ. ಎತ್ತರ ಸಾಲದಿದ್ದರೆ ಒಂದು ಪ್ಲೇಟ್ ಸೇರಿಸಿ, ಆದರೆ ಉದ್ದದ್ದು. ಗಿಡ್ಡ ದಪ್ಪ ಪ್ಲೇಟ್ ಸೇರಿಸಿದರೆ ಅದರ ತುದಿ ಮುಗಿಯುವ ಕಡೆಯೇ ಭಾರವೆಲ್ಲ ಬಿದ್ದು ಮೇಲಿನ ಪ್ಲೇಟ್ ಮುರಿಯಬಹುದು. ಪ್ಲೇಟುಗಳನ್ನು ಹಿಡಿದಿರುವ ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಎರಡೂ ಪಕ್ಕ ಸಿ-ಕ್ಲ್ಯಾಂಪ್ ಹಾಕಿ. ಕಟ್ಟು ಸಿಡಿದರೆ ಬೆರಳು ಹೋಗುತ್ತದೆ.

ಲೋಗೇರ್:

ಪ್ಲೇಟ್ ಜೊತೆ ಯಾಕೆ ಒದ್ದಾಡಬೇಕು? ಸ್ಪ್ರಿಂಗ್ ಆಕ್ಸಲ್ ಮೇಲಕ್ಕೆ ಬಂದರೆ ಒಂದೇ ಏಟಿಗೆ ಸುಮಾರು 5 ಇಂಚು. ಸ್ಪ್ರಿಂಗ್ ಹಳೆಯದೇ. ಖರ್ಚು ಅಂದರೆ ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರುವ ನಾಲ್ಕು ತಟ್ಟೆ ವೆಲ್ಡಿಂಗ್.

ಗ್ರೀಸ್‌ಕೈ:

ವೆಲ್ಡಿಂಗ್ ಅಗ್ಗ, ಒಪ್ಪಿದೆ. ಅದರ ಹಿಂದೆ ಬರುವ ಸಾಲು ನೋಡಿ. ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆ ಹೋಗುವ ಸರಳು) ಕಡಿದಾಗಿ ನಿಂತು ಗುಂಡಿಗೆ ಬಿದ್ದಾಗೆಲ್ಲ ಸ್ಟೀರಿಂಗ್ ಎಳೆಯುತ್ತದೆ, ಅದನ್ನು ಬದಲಿಸಬೇಕು. ಬ್ರೇಕ್ ಹೋಸ್, ಶಾಕ್ ಅಬ್ಸಾರ್ಬರ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಗಿಡ್ಡ. ಜೋರಾಗಿ ಗ್ಯಾಸ್ ಕೊಟ್ಟರೆ ಹಿಂದಿನ ಸ್ಪ್ರಿಂಗ್ ಎಸ್ ಆಕಾರಕ್ಕೆ ತಿರುಚುತ್ತದೆ. ಅಗಲ ಕಮ್ಮಿ ಇರುವ ಗಾಡಿಯನ್ನು 5 ಇಂಚು ಎತ್ತಿ ಇಳಿಜಾರಿನಲ್ಲಿ ಅಡ್ಡ ಓಡಿಸುವುದು ನನಗಂತೂ ಇಷ್ಟವಿಲ್ಲ. ನಿಮ್ಮ ಗಾಡಿಯಲ್ಲಿ ಇದೆಲ್ಲ ಮಾಡಿಸಿದ್ದರೆ ಖುಷಿ. ಆದರೆ ಕೇಳಿದವರು ದುಡ್ಡಿಲ್ಲ ಅಂದಿದ್ದಾರೆ.

ಲೋಗೇರ್:

ಸ್ಟೀರಿಂಗ್ ಲಿಂಕಿಗೆ ನನಗೂ ಚೆನ್ನಾಗಿಯೇ ಖರ್ಚಾಯಿತು, ಅದು ನಿಜ. ಹಾಗಾದರೆ ಫೆಂಡರ್ ಒಳ ಅಂಚು ಮಡಚಿ ಅಥವಾ ಸ್ವಲ್ಪ ಕತ್ತರಿಸಿ. ಗ್ರೈಂಡರ್ ಇದ್ದರೆ ಬಿಟ್ಟಿ ಕೆಲಸ. ಕತ್ತರಿಸಿದ ಅಂಚಿಗೆ ಪೈಂಟ್ ಹೊಡೆಯಿರಿ, ಇಲ್ಲದಿದ್ದರೆ ತುಕ್ಕು.

ಮಣ್ಣುದಾರಿ:

ಅಳೆದೆ. ಹಿಂದೆ ಬಲಗಡೆ, ಅಂದರೆ ಡ್ರೈವರ್ ಕಡೆ, ಎಡಕ್ಕಿಂತ 18 ಮಿ.ಮೀ. ಕೆಳಗಿದೆ. ಹಿಂದಿನ ಪ್ಲೇಟುಗಳು ಹೆಚ್ಚು ಕಮ್ಮಿ ನೇರವಾಗಿಬಿಟ್ಟಿವೆ. ಶ್ಯಾಕಲ್ ಬುಷ್ ರಬ್ಬರ್ ಹರಿದಿದೆ. ಪ್ಲೇಟ್‌ಗೆ ಕಮಾನು ಕೊಡಿಸುವುದು, ಹಿಂದೆ ಮಾತ್ರ ಸ್ವಲ್ಪ ಉದ್ದದ ಶ್ಯಾಕಲ್, ಫೆಂಡರ್ ಅಂಚು ಕತ್ತರಿಸುವುದು ಅಂತ ತೀರ್ಮಾನ ಮಾಡಿದ್ದೇನೆ. ಇದಕ್ಕೆ ಹೊಸ ಶಾಕ್ ಬೇಕಾ?

ಗ್ರೀಸ್‌ಕೈ:

ಸುಮ್ನೆ ಕೊಳ್ಳಬೇಡಿ, ಅಳೆದು ನೋಡಿ. ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟು, ಶಾಕ್ ಬಿಚ್ಚಿ, ಆಕ್ಸಲ್ ಪೂರ್ತಿ ಜೋತು ಬಿಡಿ. ಶಾಕಿನ ಎರಡು ತುದಿ ಕೂರುವ ಜಾಗಗಳ ನಡುವಿನ ಅಂತರ ಬರೆದುಕೊಳ್ಳಿ. ಶಾಕ್ ಪೂರ್ತಿ ಎಳೆದಾಗ ಇದಕ್ಕಿಂತ ಉದ್ದ ಇರಬೇಕು. ಆಮೇಲೆ ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರ್ ಒತ್ತುವವರೆಗೆ ಆಕ್ಸಲ್ ಎತ್ತಿ ಮತ್ತೆ ಅಳೆಯಿರಿ. ಶಾಕ್ ಪೂರ್ತಿ ಮುಚ್ಚಿದಾಗ ಅದಕ್ಕಿಂತ ಗಿಡ್ಡ ಇರಬೇಕು. ಎರಡೂ ಸರಿ ಬಂದರೆ, ಎಣ್ಣೆ ಸೋರುತ್ತಿಲ್ಲದಿದ್ದರೆ, ಹಳೆಯದೇ ನಡೆಯುತ್ತದೆ. ಜೋತುಬಿದ್ದ ಹೊತ್ತಲ್ಲೇ ಬ್ರೇಕ್ ಹೋಸ್ ಬಿಗಿಯಾಗಿದೆಯಾ ನೋಡಿ. ಬಿಗಿ ಇದ್ದರೆ ಉದ್ದದ್ದು ಹಾಕಲೇಬೇಕು, ಅಲ್ಲಿ ಉಳಿತಾಯ ಬೇಡ.

ಬುಷ್ ಹೊಸದು ಹಾಕಿದ ಮೇಲೆ ಶ್ಯಾಕಲ್ ಬೋಲ್ಟನ್ನು ಗಾಡಿ ಮೇಲೆತ್ತಿದಾಗ ಬಿಗಿ ಮಾಡಬೇಡಿ. ನಾಲ್ಕೂ ಚಕ್ರ ನೆಲದ ಮೇಲೆ ಬಂದು ಭಾರ ಬಿದ್ದ ಮೇಲೆ ಬಿಗಿ ಮಾಡಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಿಮ್ಮ ಹಳೇ ಬುಷ್‌ಗಳನ್ನು ಯಾರೋ ಹಾಗೇ ಹಾಕಿದ್ದರೂ ಇರಬಹುದು. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್ ಹೊಸದು ಹಾಕಿ, ಒಮ್ಮೆ ಬಿಗಿಯಾಗಿ ಎಳೆದದ್ದನ್ನು ಮತ್ತೆ ನಂಬುವ ಹಾಗಿಲ್ಲ. ಒಂದಿಷ್ಟು ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಮಣ್ಣುದಾರಿ:

ಧನ್ಯವಾದ. ದೊಡ್ಡ ಟೈರಿಗೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದಂತೆ, ಹೌದಾ?

ಗ್ರೀಸ್‌ಕೈ:

ಹೌದು, ಸುಮಾರು ನೂರಕ್ಕೆ ಹತ್ತರಷ್ಟು ಕಮ್ಮಿ. ಈಗ 60 ಸರಿಯಾಗಿ ತೋರಿಸುತ್ತಿದ್ದರೆ, ಆಗ ಮುಳ್ಳು 60ರಲ್ಲಿದ್ದಾಗ ನಿಜವಾದ ವೇಗ 66. ಟಾಪ್ ಗೇರಿನಲ್ಲಿ ಏರು ಹತ್ತುವುದೂ ಸ್ವಲ್ಪ ಸೋಮಾರಿಯಾಗುತ್ತದೆ, ಒಂದು ಗೇರ್ ಇಳಿಸಿಕೊಳ್ಳಿ. ಹೆಡ್‌ಲೈಟ್ ಕೂಡ ಹೊಂದಿಸಿಕೊಳ್ಳಿ.