ಅಸ್ಥಿಮಜ್ಜೆ ಕಸಿ ನಂತರ ಸೈಕ್ಲೋಸ್ಪೊರಿನ್ ಏಕೆ? ಲುಕೇಮಿಯಾ ಮರಳುವುದಿಲ್ಲವೇ?

ಪ್ರಶ್ನೆ
ಎಎಂಎಲ್‌ಗೆ (ಒಂದು ಬಗೆಯ ತೀವ್ರ ಲುಕೇಮಿಯಾ) ಅಣ್ಣನ ಮಜ್ಜೆ ಕಸಿ ಆಗಿದೆ, ಈಗ 40ನೇ ದಿನ. ದಾನಿಯ ಪ್ರತಿರಕ್ಷಣೆಯೇ ಉಳಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎನ್ನುತ್ತಾರೆ. ಹಾಗಾದರೆ ಅದನ್ನೇ ಅದುಮುವ ಸೈಕ್ಲೋಸ್ಪೊರಿನ್ ದಿನಕ್ಕೆರಡು ಹೊತ್ತು ಯಾಕೆ? ರಕ್ತದಲ್ಲಿ ಔಷಧ ಎಷ್ಟಿದೆ ಎಂದು ನೋಡುವ ಲೆವೆಲ್ ಪರೀಕ್ಷೆಯ ದಿನ ಬೆಳಗಿನ ಮಾತ್ರೆ ನುಂಗಿ ಹೋಗಬೇಕೋ, ಬೇಡವೋ?

ಉತ್ತರ 1
ದಾನಿಯ ಟಿ-ಕೋಶಗಳಿಗೆ (ಪ್ರತಿರಕ್ಷಣೆಯ ಬಿಳಿ ರಕ್ತಕಣಗಳು) ಲುಕೇಮಿಯಾ ಕೋಶವೂ ಪರಕೀಯ. ರೋಗಿಯ ಚರ್ಮ, ಕರುಳು, ಲಿವರ್ ಕೂಡ ಪರಕೀಯ. ಈ ಅಂಗಗಳ ಮೇಲೆ ತಿರುಗಿಬಿದ್ದರೆ ಅದೇ ಜಿವಿಎಚ್‌ಡಿ (ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್). ಹತೋಟಿ ತಪ್ಪಿದರೆ ಕ್ಯಾನ್ಸರಿಗಿಂತ ಮೊದಲು ಅದೇ ಜೀವ ತೆಗೆದೀತು.

ಸೈಕ್ಲೋಸ್ಪೊರಿನ್ ಟಿ-ಕೋಶವನ್ನು ಕೊಲ್ಲುವುದಿಲ್ಲ. ಕೋಶದೊಳಗೆ ಸೈಕ್ಲೊಫಿಲಿನ್ ಎಂಬ ಪ್ರೋಟೀನ್ ಜೊತೆ ಸೇರಿ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಟಿ-ಕೋಶಗಳನ್ನು ಹೆಚ್ಚಿಸುವ ಸಂಕೇತವಾದ ಇಂಟರ್‌ಲ್ಯೂಕಿನ್-2 ತಯಾರಾಗುವುದು ಕುಸಿಯುತ್ತದೆ, ಟಿ-ಕೋಶಗಳು ದಂಡು ಕಟ್ಟುವುದಿಲ್ಲ. ಇದರ ಜೊತೆ 1, 3, 6, 11ನೇ ದಿನ ಕೊಡುವ ಮೆಥೊಟ್ರೆಕ್ಸೇಟ್ (ಚದರ ಮೀಟರಿಗೆ ಮೊದಲು 15, ಆಮೇಲೆ 10 ಮಿ.ಗ್ರಾಂ) ಆಗಲೇ ವಿಭಜನೆಗೆ ಇಳಿದ ಕೋಶಗಳನ್ನು ಹೊಡೆಯುತ್ತದೆ. ಬಾಯಿಹುಣ್ಣು ಜೋರಾಗುವುದಕ್ಕೆ ಅದೂ ಒಂದು ಕಾರಣ.

ನಿಮ್ಮ ಅನುಮಾನದಲ್ಲಿ ಹುರುಳಿದೆ. ತದ್ರೂಪಿ ಅವಳಿಯಿಂದ ಮಜ್ಜೆ ಪಡೆದವರಲ್ಲಿ ಜಿವಿಎಚ್‌ಡಿ ಅಪರೂಪ, ಆದರೆ ರೋಗ ಮರುಕಳಿಸುವುದು ಹೆಚ್ಚು. ಹಾಗಾಗಿ ಕಿಡ್ನಿ ಕಸಿಯವರ ಹಾಗೆ ಇದನ್ನು ಬದುಕಿಡೀ ನುಂಗಿಸುವುದಿಲ್ಲ. ಜಿವಿಎಚ್‌ಡಿ ಇಲ್ಲದಿದ್ದರೆ ಸಾಮಾನ್ಯವಾಗಿ 100ನೇ ದಿನದ ಆಸುಪಾಸಿನಿಂದ ಇಳಿಸುತ್ತಾ 6 ತಿಂಗಳ ಹೊತ್ತಿಗೆ ನಿಲ್ಲಿಸುತ್ತಾರೆ. ರೋಗ ಮರಳುವ ಸುಳಿವು ಸಿಕ್ಕರೆ ಇನ್ನೂ ಬೇಗ ಇಳಿಸಿ, ಬೇಕಾದರೆ ದಾನಿಯ ಲಿಂಫೊಸೈಟ್‌ಗಳನ್ನೇ (ಟಿ-ಕೋಶಗಳಿರುವ ಬಿಳಿ ರಕ್ತಕಣಗಳು) ಏರಿಸುವುದುಂಟು.

ಉತ್ತರ 2
ಮಾತ್ರೆ ನುಂಗದೆ, ಜೊತೆಗೆ ತೆಗೆದುಕೊಂಡು ಹೋಗಿ. ರಕ್ತ ಕೊಟ್ಟ ಕೂಡಲೇ ನುಂಗಿ. ಮುಂದಿನ ಡೋಸಿಗೆ ಮುಂಚೆ ರಕ್ತದಲ್ಲಿ ಉಳಿದಿರುವ ಮಟ್ಟವನ್ನೇ ಅಳೆಯುವುದು. ರಾತ್ರಿ 9ಕ್ಕೆ ತೆಗೆದುಕೊಂಡಿದ್ದರೆ ಬೆಳಿಗ್ಗೆ 9ರ ಹೊತ್ತಿಗೆ ರಕ್ತ ಕೊಡಬೇಕು. ಔಷಧ ಕೆಂಪು ರಕ್ತಕಣಗಳಲ್ಲೂ ಸೇರಿಕೊಂಡಿರುವುದರಿಂದ ಸೀರಮ್ ಆಗದು, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬೇ ಬೇಕು. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದಲ್ಲಿಟ್ಟ ಕೊಳವೆ) ಇನ್ನೂ ಇದ್ದರೆ ಒಂದು ಎಚ್ಚರ: ಹಿಂದೆ ಸೈಕ್ಲೋಸ್ಪೊರಿನ್ ಡ್ರಿಪ್ ಹೋಗಿದ್ದ ಲೂಮೆನ್‌ನಿಂದ (ಕೊಳವೆಯೊಳಗಿನ ಕವಲು) ರಕ್ತ ತೆಗೆಯಬಾರದು. ಪ್ಲಾಸ್ಟಿಕ್‌ಗೆ ಔಷಧ ಅಂಟಿರುತ್ತದೆ. ಲೆವೆಲ್ ಸುಳ್ಳುಸುಳ್ಳೇ ಏರಿ ಕಾಣುತ್ತದೆ, ಅದನ್ನು ನಂಬಿ ಡೋಸ್ ಇಳಿಸುತ್ತಾರೆ, ಜಿವಿಎಚ್‌ಡಿಗೆ ಬಾಗಿಲು ತೆರೆಯುತ್ತದೆ.

ಶಿಲೀಂಧ್ರ ಸೋಂಕಿನ ಔಷಧ ವೊರಿಕೊನಜೋಲ್ ಶುರು ಮಾಡಿದರೆ ಸೈಕ್ಲೋಸ್ಪೊರಿನ್ ಅರ್ಧಕ್ಕೆ ಇಳಿಯಬೇಕು. ಎಡವಟ್ಟಾಗುವುದು ವೊರಿಕೊನಜೋಲ್ ನಿಲ್ಲಿಸಿದಾಗ: ಸೈಕ್ಲೋಸ್ಪೊರಿನ್ ಮತ್ತೆ ಏರಿಸುವುದನ್ನು ಮರೆಯುತ್ತಾರೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಲೆವೆಲನ್ನು ನೆಲ ಕಚ್ಚಿಸುತ್ತದೆ. ಚಕ್ಕೋತ ಲೆವೆಲ್ ಏರಿಸುತ್ತದೆ. ದೇವನಹಳ್ಳಿಯದೇ ಆದರೂ ಸದ್ಯಕ್ಕೆ ಬೇಡ. ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಟ್ಟಬೇಡಿ, ಕಿಡ್ನಿಗೆ ಎರಡೆರಡು ಹೊಡೆತ. ಕೈ ನಡುಕ, ಮೆಗ್ನೀಸಿಯಂ ಇಳಿತ ಮಾಮೂಲು. ಬಿ.ಪಿ. ಏರಿ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಅಥವಾ ಜ್ವರ 38 ಡಿಗ್ರಿ ದಾಟಿದರೆ ಅಂದೇ ಆಸ್ಪತ್ರೆಗೆ ಹೋಗಿ. ಡೋಸ್ ಮಾತ್ರ ನೀವಾಗಿಯೇ ಬದಲಿಸಬೇಡಿ.

ಉತ್ತರ 3
ಅರ್ಧ ಹೊಂದಾಣಿಕೆಯ ದಾನಿ, ಅಂದರೆ ತಂದೆ, ತಾಯಿ ಅಥವಾ ಮಕ್ಕಳಾಗಿದ್ದರೆ ಕ್ರಮ ಬೇರೆ. 3 ಮತ್ತು 4ನೇ ದಿನ ಕೆ.ಜಿ.ಗೆ 50 ಮಿ.ಗ್ರಾಂ ಸೈಕ್ಲೊಫಾಸ್ಫಮೈಡ್ ಕೊಡುತ್ತಾರೆ. ರೋಗಿಯ ದೇಹದ ಮೇಲೆ ಕೆರಳಿದ ಟಿ-ಕೋಶಗಳು ಆಗ ಭರದಿಂದ ವಿಭಜಿಸುತ್ತಿರುತ್ತವೆ, ಪೆಟ್ಟು ಅವಕ್ಕೇ ಜಾಸ್ತಿ. ಮೂಲಕೋಶಗಳಲ್ಲಿ ಈ ಔಷಧವನ್ನು ನಿಷ್ಕ್ರಿಯಗೊಳಿಸುವ ಆಲ್ಡಿಹೈಡ್ ಡಿಹೈಡ್ರೊಜಿನೇಸ್ ಕಿಣ್ವ ಹೇರಳವಾಗಿರುವುದರಿಂದ ಅವು ಬಚಾವ್. ಕೆರಳುವ ಮೊದಲೇ ಕೋಶಗಳನ್ನು ತಣ್ಣಗಾಗಿಸಿದರೆ ಏಟು ತಾಗದು. ಅದಕ್ಕೇ ಈ ಕ್ರಮದಲ್ಲಿ ಟ್ಯಾಕ್ರೊಲಿಮಸ್ (ಸೈಕ್ಲೋಸ್ಪೊರಿನ್ ಹಾಗೆಯೇ ಕೆಲಸ ಮಾಡುವ ಔಷಧ) ಸಾಮಾನ್ಯವಾಗಿ 5ನೇ ದಿನ ಶುರು, ಅಲ್ಲಿಯವರೆಗೆ ವಾಂತಿಗೆಂದು ಸ್ಟಿರಾಯ್ಡ್ ಕೂಡ ಕೊಡುವುದಿಲ್ಲ. ಮೂತ್ರಕೋಶದಿಂದ ರಕ್ತ ಬರದಂತೆ ಮೆಸ್ನಾ ಮತ್ತು ಧಾರಾಳ ಸಲೈನ್ ಜೊತೆಗಿರುತ್ತವೆ.