ಕಿವಿ ಮಂದವಾದವರು ಕಾಡಿನ ಪಕ್ಷಿವೀಕ್ಷಣಾ ಶಿಬಿರಕ್ಕೆ ಹೋಗಬಹುದೇ?

ಕೆರೆಏರಿ (ಮೈಸೂರು):

ಎಲ್ಲರಿಗೂ ನಮಸ್ಕಾರ.

ನನಗೀಗ 61 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದ ಮೇಲೆ ಹಕ್ಕಿಗಳನ್ನು ನೋಡುವ ಅಭ್ಯಾಸ ಹತ್ತಿತು. ನಾಲ್ಕು ವರ್ಷಗಳಿಂದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ದಿನವೂ ಬೆಳಿಗ್ಗೆ ನಡೆಯುತ್ತ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆಗಳನ್ನು ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದೇನೆ. ಕೆರೆಯ ಹಕ್ಕಿಗಳು ಗಾತ್ರದಲ್ಲಿ ದೊಡ್ಡವು ಮತ್ತು ಬಯಲಿನಲ್ಲೇ ಕುಳಿತಿರುತ್ತವೆ. ಅವುಗಳ ಮಟ್ಟಿಗೆ ಕಣ್ಣು ಸರಿಯಿದ್ದರೆ ಸಾಕು.

ಈಗ ಪರಿಚಯದ ಹವ್ಯಾಸಿ ಬಳಗವೊಂದು ಡಿಸೆಂಬರಿನಲ್ಲಿ ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್ ಎಂಬ ವಸತಿಗೃಹದಲ್ಲಿ ವಯಸ್ಕರಿಗಾಗಿಯೇ ಶಿಬಿರವೊಂದನ್ನು ಏರ್ಪಡಿಸಿದೆ. ಶುಕ್ರವಾರ ಸಂಜೆ ಆರಂಭವಾಗಿ ಭಾನುವಾರ ಮಧ್ಯಾಹ್ನ ಮುಗಿಯುತ್ತದೆ. ಒಟ್ಟು ಹದಿನಾಲ್ಕು ಮಂದಿ ಇರುತ್ತಾರೆ. ಬೆಳಗಿನ ನಡಿಗೆ, ಹಗಲಿನಲ್ಲಿ ಒಂದು ಗಂಟೆ ಯಾರೂ ಮಾತನಾಡದೆ ಒಂದೇ ಕಡೆ ಕುಳಿತಿರುವುದು, ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಸೇರಿ ದಿನದ ಹಕ್ಕಿಪಟ್ಟಿಯನ್ನು ಓದುವುದು, ಇಷ್ಟು ಕಾರ್ಯಕ್ರಮ. ಸೇರಬೇಕೆಂದು ಮನಸ್ಸು ತುಂಬ ಬಯಸುತ್ತಿದೆ.

ಆದರೆ ನನ್ನ ಎರಡೂ ಕಿವಿಗಳು ಮಂದವಾಗಿವೆ. ಎರಡು ವರ್ಷದ ಹಿಂದೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದಾಗ, ತಗ್ಗಿನ ಸ್ವರಗಳು ಬಹುಮಟ್ಟಿಗೆ ಕೇಳುತ್ತವೆ, ಮೇಲಿನ ಸ್ವರಗಳು ಬಹಳ ಕಡಿಮೆಯಾಗಿವೆ ಎಂದು ತಿಳಿಯಿತು. ಅಂದಿನಿಂದ ಕಿವಿಯ ಹಿಂದೆ ಇಡುವ ಶ್ರವಣಯಂತ್ರಗಳನ್ನು ಬಳಸುತ್ತಿದ್ದೇನೆ.

ಕಳೆದ ವರ್ಷ ಒಂದು ಗುಂಪಿನೊಡನೆ ಊರಾಚೆಯ ಕುರುಚಲು ಕಾಡಿಗೆ ಹೋಗಿದ್ದೆ. ಮುಂದೆ ನಡೆಯುತ್ತಿದ್ದವರು ಮತ್ತೆ ಮತ್ತೆ ನಿಂತು, ಕೈಯೆತ್ತಿ, "ಕೇಳಿಸಿತೇ?" ಎಂದು ಕೇಳುತ್ತಿದ್ದರು. ಮೊದಲ ಎರಡು ಸಲ ಇಲ್ಲ ಎಂದೆ. ಮೂರನೆಯ ಸಲದಿಂದ ಕೇಳಿಸಿತೆಂದು ತಲೆಯಾಡಿಸತೊಡಗಿದೆ. ಮನೆಗೆ ಬಂದು ಪಟ್ಟಿ ಬರೆಯಲು ಕುಳಿತಾಗ ಆ ಸುಳ್ಳು ತಲೆಯಾಟಗಳು ನೆನಪಾಗಿ ಪುಸ್ತಕವನ್ನು ಮುಚ್ಚಿಟ್ಟೆ. ದಟ್ಟ ಕಾಡಿನಲ್ಲಿ ಹಕ್ಕಿ ಮೊದಲು ಸಿಗುವುದು ಕಿವಿಗೆ, ಆಮೇಲೆ ಕಣ್ಣಿಗೆ ಎನ್ನುತ್ತಾರೆ. ಹಾಗಿದ್ದರೆ ನನ್ನಂಥವಳು ಅಲ್ಲಿಗೆ ಹೋಗುವುದರಲ್ಲಿ ಅರ್ಥವಿದೆಯೇ, ಉಳಿದ ಹದಿಮೂರು ಜನರಿಗೆ ಹೊರೆಯಾಗುತ್ತೇನೆಯೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಮಂಗಟ್ಟೆ (ಧಾರವಾಡ):

ಅಕ್ಕಾ, ಖಂಡಿತ ಹೋಗಿರಿ. ನನಗೂ ಹದಿನೈದು ವರ್ಷಗಳಿಂದ ಕಿವಿ ಮಂದ. ಗಣೇಶಗುಡಿಗೆ ಐದು ಸಲ ಹೋಗಿ ಬಂದಿದ್ದೇನೆ.

ನೀವು ಆರಿಸಿಕೊಂಡಿರುವ ಜಾಗವೇ ನಮ್ಮಂಥವರಿಗೆ ಅನುಕೂಲವಾದದ್ದು. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದನ್ನು ದಾಸ್ತಾನು ಮಾಡುತ್ತಿದ್ದ ಕಟ್ಟಡ ಅದು. ಮ್ಯಾಗಜೀನ್ ಎಂದರೆ ಮದ್ದಿನ ಮನೆ, ಹೆಸರು ಬಂದದ್ದೂ ಅದರಿಂದಲೇ. ಈಗ ಜಂಗಲ್ ಲಾಡ್ಜಸ್‌ನವರು ನಡೆಸುತ್ತಾರೆ. ಅಂಗಳದಲ್ಲಿಯೇ ಹಕ್ಕಿಗಳಿಗಾಗಿ ನೀರಿನ ತೊಟ್ಟಿಗಳನ್ನು ಇಟ್ಟಿದ್ದಾರೆ. ಮಳೆ ನಿಂತು ಕಾಡು ಒಣಗುತ್ತ ಬಂದಂತೆ, ದಟ್ಟ ಪೊದೆಯೊಳಗೆ ದಿನವಿಡೀ ಹುಡುಕಿದರೂ ಕಾಣದಂಥ ಹಕ್ಕಿಗಳು ತಾವಾಗಿಯೇ ಅಲ್ಲಿ ಕುಡಿಯಲು, ಮೀಯಲು ಇಳಿಯುತ್ತವೆ. ಕೆಂಪು ಕತ್ತಿನ ಪಿಕಳಾರ, ಶಾಮ, ಕಿತ್ತಳೆ ತಲೆಯ ನೆಲಸಿಳ್ಳಾರ, ಚಳಿಗಾಲಕ್ಕೆಂದು ಹಿಮಾಲಯದಿಂದ ಇಳಿದು ಬರುವ ನೀಲಿ ರಾಬಿನ್ ಇವೆಲ್ಲವನ್ನೂ ನಾನು ಕಂಡದ್ದು ಕುಳಿತಲ್ಲಿಂದಲೇ. ಆ ಒಂದು ಗಂಟೆಯ ಮೌನವನ್ನು ನೀರಿನ ತೊಟ್ಟಿಯ ಎದುರು ಕಳೆಯಿರಿ. ಆ ಹೊತ್ತಿನಲ್ಲಿ ಪಕ್ಕದವರ ಕಿವಿಗೂ ನಿಮ್ಮ ಕಿವಿಗೂ ಯಾವ ಅಂತರವೂ ಇರುವುದಿಲ್ಲ.

ಕಾಡಿನ ದನಿಗಳೆಲ್ಲ ನಿಮ್ಮಿಂದ ತಪ್ಪಿಹೋಗುತ್ತವೆ ಎಂದೂ ತಿಳಿಯಬೇಡಿರಿ. ಸೂರಕ್ಕಿ, ಬದನಿಕೆ ಹಕ್ಕಿ, ಎಲೆಗಳ ನಡುವೆ ಸುಳಿಯುವ ಉಲಿಯಕ್ಕಿ, ಇವುಗಳ ಸಣ್ಣ ಚಿಲಿಪಿಲಿ ನನಗಂತೂ ಹೋಗಿಯೇಬಿಟ್ಟಿದೆ. ಆದರೆ ಕುಟ್ರು ಹಕ್ಕಿಯ ಕೂಗು, ಕೆಂಬೂತದ ಗುಮ್ಮೆನ್ನುವ ದನಿ, ಬೆಟ್ಟದ ದೊಡ್ಡ ಪಾರಿವಾಳದ ಆಳವಾದ ಹೂಂಕಾರ, ಮುಸಿಯಗಳ ಗುಟುರು, ಇವೆಲ್ಲ ತಗ್ಗಿನ ಸ್ವರಗಳು, ಈಗಲೂ ಕೇಳುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ ದೊಡ್ಡ ಮಂಗಟ್ಟೆ ತಲೆಯ ಮೇಲೆ ಹಾರಿಹೋಗುವಾಗ ರೆಕ್ಕೆಯ ಗರಿಗಳ ಸಂದಿಯಿಂದ ಗಾಳಿ ನುಗ್ಗಿ ಏಳುವ ಭೋರ್ಗರೆತವಿದೆಯಲ್ಲ, ಅದನ್ನು ಮೊದಲ ಸಲ ಕೇಳಿದಾಗ ನಾನು ದುರ್ಬೀನನ್ನು ಕೆಳಗಿಳಿಸಿ ಸುಮ್ಮನೆ ನಿಂತುಬಿಟ್ಟಿದ್ದೆ. ದಾಂಡೇಲಿ ಸೀಮೆಯಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಒಂದಾದರೂ ಸಿಗದೆ ಇರಲಾರದು.

ನನ್ನ ಅನುಭವದಲ್ಲಿ ಹಕ್ಕಿಗಳಿಗಿಂತ ಮನುಷ್ಯರ ಮಾತೇ ಹೆಚ್ಚು ಕಷ್ಟ ಕೊಟ್ಟಿದೆ. ನೀವು ಬೆಳಗಿನ ನಡಿಗೆಯ ಬಗ್ಗೆ ಅಂಜುತ್ತಿದ್ದೀರಿ. ನಾನು ಎಚ್ಚರಿಸಬೇಕೆಂದಿರುವುದು ರಾತ್ರಿಯ ಪಟ್ಟಿ ಓದುವ ಹೊತ್ತಿನ ಬಗ್ಗೆ. ಎದುರಿಗಿರುವವರ ತುಟಿ ನೋಡಿ ಅರ್ಧ ಮಾತನ್ನು ತಿಳಿದುಕೊಳ್ಳುವವರು ನಾವು. ಮಂದ ಬೆಳಕಿನ ಜಗಲಿಯಲ್ಲಿ, ಸುತ್ತ ಜೀರುಂಡೆಗಳು ಕಿರುಗುಟ್ಟುತ್ತಿರುವಾಗ, ಹದಿನಾಲ್ಕು ಮಂದಿ ಅಲ್ಲೊಬ್ಬರು ಇಲ್ಲೊಬ್ಬರು ಹಕ್ಕಿಗಳ ಇಂಗ್ಲಿಷ್ ಹೆಸರುಗಳನ್ನು ಬೇಗ ಬೇಗ ಹೇಳುತ್ತಿದ್ದರೆ ಒಂದೂ ಹಿಡಿಯಲು ಆಗುವುದಿಲ್ಲ. ಮೊದಲ ಶಿಬಿರದಲ್ಲಿ ನಾನು ತಲೆನೋವೆಂದು ಹೇಳಿ ಕೋಣೆಗೆ ಹೋಗಿ ಮಲಗಿದ್ದೆ. ಎರಡನೆಯ ಶಿಬಿರಕ್ಕೆ ಮೊದಲೇ ಪತ್ರ ಬರೆದು, ಪಟ್ಟಿಯನ್ನು ಹೊತ್ತು ಮುಳುಗುವ ಮೊದಲೇ ಓದುವಂತೆ ಕೇಳಿಕೊಂಡೆ. ಅವರು ಒಪ್ಪಿದರು. ನೀವೂ ಈಗಲೇ ಬರೆಯಿರಿ. ಹೋದ ಮೇಲೆ ಹೇಳೋಣವೆಂದರೆ ಬಾಯಿ ಬರುವುದಿಲ್ಲ.

ಶ್ರವಣತಜ್ಞೆ:

ಮೇಡಂ, ನಾನು ಶ್ರವಣಯಂತ್ರಗಳನ್ನು ಹೊಂದಿಸುವ ಕೆಲಸದಲ್ಲಿರುವವಳು. ಹೊರಡುವುದಕ್ಕೆ ಎರಡು ಮೂರು ವಾರ ಮೊದಲೇ ನಿಮ್ಮ ಯಂತ್ರಗಳನ್ನು ಹೊಂದಿಸಿದವರ ಬಳಿ ಹೋಗಿ, ಕಾಡಿನಲ್ಲಿ ಬಳಸಲೆಂದು ಪ್ರತ್ಯೇಕವಾದ ಒಂದು ಪ್ರೋಗ್ರಾಂ ಹಾಕಿಕೊಡುವಂತೆ ಕೇಳಿ. ಶ್ರವಣಯಂತ್ರಗಳನ್ನು ಮುಖ್ಯವಾಗಿ ಮಾತು ಕೇಳಿಸಲೆಂದು ಸಿದ್ಧಪಡಿಸಿರುತ್ತಾರೆ. ಮಾತಲ್ಲದ ಸದ್ದನ್ನು ತಗ್ಗಿಸುವ ವ್ಯವಸ್ಥೆಯು ಹಕ್ಕಿಯ ಕೂಗನ್ನೂ ಗದ್ದಲವೆಂದು ತಿಳಿದು ತಗ್ಗಿಸಬಹುದು. ಯಂತ್ರದೊಳಗಿನ ಕೀರಲು ಸದ್ದನ್ನು ತಡೆಯುವ ವ್ಯವಸ್ಥೆಯು ಹಕ್ಕಿಯ ಒಂದೇ ಎಳೆಯ ಸಿಳ್ಳನ್ನು ತನ್ನದೇ ಕೀರಲೆಂದು ತಪ್ಪು ತಿಳಿಯಬಹುದು. ಆ ಎರಡನ್ನೂ ಸಡಿಲಿಸಿದ ಪ್ರೋಗ್ರಾಂ ಇದ್ದರೆ ಕೆರೆಯ ದಡದಲ್ಲೇ ನಿಮಗೆ ವ್ಯತ್ಯಾಸ ತಿಳಿಯುತ್ತದೆ. ಕೆಲವು ಯಂತ್ರಗಳಲ್ಲಿ ಮೇಲಿನ ಸ್ವರಗಳನ್ನು ನಿಮಗೆ ಕೇಳುವ ತಗ್ಗಿನ ಸ್ವರಗಳಿಗೆ ಇಳಿಸಿ ಕೇಳಿಸುವ ಸೌಲಭ್ಯವೂ ಇದೆ. ಆಗ ಸೂರಕ್ಕಿಯ ದನಿ ಸೂರಕ್ಕಿಯದರಂತೆ ಇರುವುದಿಲ್ಲ, ಆದರೆ ಅಲ್ಲೊಂದು ಹಕ್ಕಿ ಇದೆಯೆಂಬುದು ತಿಳಿಯುತ್ತದೆ.

ಪಟ್ಟಿ ಓದುವ ಹೊತ್ತಿಗೆ ಮೇಲಿನವರು ಹೇಳಿದ್ದು ಸರಿ. ಅದರ ಜೊತೆಗೆ, ನಿಮ್ಮ ಯಂತ್ರಕ್ಕೆ ಹೊಂದುವ ಪುಟ್ಟ ನಿಸ್ತಂತು ಮೈಕ್ ದೊರೆಯುವುದಾದರೆ ಕೊಂಡುಕೊಳ್ಳಿ. ಮಾರ್ಗದರ್ಶಿಯ ಅಂಗಿಗೆ ಅದನ್ನು ಸಿಕ್ಕಿಸಿದರೆ ಅವರು ಮೆಲ್ಲಗೆ ಹೇಳಿದ ಮಾತೂ ನೇರವಾಗಿ ನಿಮ್ಮ ಕಿವಿಗೆ ಬರುತ್ತದೆ.

ತೇವದ ಬಗ್ಗೆ ಎಚ್ಚರವಿರಲಿ. ಕಾಡಿನ ಮುಂಜಾನೆಯ ಮಂಜು ಮತ್ತು ಬೆವರು ಎರಡೂ ಯಂತ್ರಕ್ಕೆ ಶತ್ರುಗಳು. ರಾತ್ರಿ ಬ್ಯಾಟರಿ ತೆಗೆದು, ಅದರ ಬಾಗಿಲನ್ನು ತೆರೆದಿಟ್ಟು, ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿ ಇಡಿ. ಚಾರ್ಜ್ ಮಾಡುವ ಬಗೆಯದಾದರೆ ಚಾರ್ಜರ್ ಜೊತೆಗೆ ಪವರ್ ಬ್ಯಾಂಕನ್ನೂ ಒಯ್ಯಿರಿ. ಟೋಪಿ ತೆಗೆಯುವಾಗ, ದುರ್ಬೀನಿನ ಪಟ್ಟಿಯನ್ನು ಕೊರಳಿನಿಂದ ಬಿಡಿಸುವಾಗ ಯಂತ್ರ ಸಿಕ್ಕಿಕೊಂಡು ಕೆಳಗೆ ಬೀಳುತ್ತದೆ. ತರಗೆಲೆಗಳ ನಡುವೆ ಬಿದ್ದದ್ದು ಮತ್ತೆ ಸಿಗುವುದು ಕಷ್ಟ. ಅಂಗಿಯ ಕಾಲರಿಗೆ ಕ್ಲಿಪ್ ಹಾಕುವ ದಾರವೊಂದನ್ನು ಕಟ್ಟಿಕೊಳ್ಳಿ.

ಕೆರೆಏರಿ (ಮೈಸೂರು):

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ರಾತ್ರಿಯ ಪಟ್ಟಿಯ ವಿಚಾರ ನನಗೆ ಹೊಳೆದೇ ಇರಲಿಲ್ಲ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಆಗುವ ಕಷ್ಟವೇ ಅಲ್ಲಿಯೂ ಆಗುತ್ತದೆಂದು ಈಗ ಅರ್ಥವಾಯಿತು.

ಇನ್ನೊಂದು ಪ್ರಶ್ನೆ. ಸುತ್ತಲಿನ ಕೂಗುಗಳನ್ನು ಆಲಿಸಿ ಹಕ್ಕಿಯ ಹೆಸರನ್ನು ಫೋನಿನ ಪರದೆಯ ಮೇಲೆ ತೋರಿಸುವ ಮರ್ಲಿನ್ ಆ್ಯಪನ್ನು ನನ್ನ ಸೋದರ ಸೊಸೆ ಹಾಕಿಕೊಟ್ಟಿದ್ದಾಳೆ. ಅದನ್ನು ನಡಿಗೆಯಲ್ಲಿ ಬಳಸಿದರೆ ಉಳಿದವರಿಗೆ ತೊಂದರೆಯಾಗುತ್ತದೆಯೇ?

ಕಾಳಿಕಣಿವೆ (ಜೋಯಿಡಾ):

ಅಮ್ಮಾ, ನಾನು ಇದೇ ತಾಲ್ಲೂಕಿನವನು; ಹಲವು ವರ್ಷಗಳಿಂದ ಪ್ರವಾಸಿಗರನ್ನು ಹಕ್ಕಿ ನೋಡಲು ಕರೆದೊಯ್ಯುತ್ತಿದ್ದೇನೆ.

ಆ್ಯಪನ್ನು ಧಾರಾಳವಾಗಿ ಬಳಸಿ. ಅದು ಕೇಳಿಸಿಕೊಳ್ಳುತ್ತದೆಯೇ ಹೊರತು ಸದ್ದು ಮಾಡುವುದಿಲ್ಲ. ಹಕ್ಕಿಯ ಕೂಗನ್ನು ಫೋನಿನಿಂದ ನುಡಿಸಿ ಅದನ್ನು ಹತ್ತಿರಕ್ಕೆ ಸೆಳೆಯುವುದು ಮಾತ್ರ ತಪ್ಪು, ಅದನ್ನು ಯಾರೂ ಮಾಡಬಾರದು. ನಮ್ಮಲ್ಲಿ ಎಲ್ಲ ಕಡೆ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಭಾರತದ ಹಕ್ಕಿಗಳ ಕಡತವನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ. ಅದು ತೋರಿಸಿದ ಹೆಸರನ್ನೆಲ್ಲ ನಂಬಬೇಡಿ. ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಅಣಕಿಸಿದಾಗ ಅನುಭವಿಗಳೇ ಮೋಸಹೋಗುತ್ತಾರೆ. ಪರದೆಯ ಮೇಲೆ ಹೆಸರು ಮೂಡಿದೊಡನೆ ಮಾರ್ಗದರ್ಶಿಗೆ ತೋರಿಸಿ, ಅವರು ದಿಕ್ಕು ತೋರಿಸುತ್ತಾರೆ.

ನಡಿಗೆಯಲ್ಲಿ ನಿಮ್ಮ ಜಾಗ ಮಾರ್ಗದರ್ಶಿಯ ಬೆನ್ನ ಹಿಂದೆಯೇ ಇರಲಿ. ಸಂಕೋಚದಿಂದ ಸಾಲಿನ ಕೊನೆಗೆ ಸರಿಯಬೇಡಿ. ಇದು ಮರ್ಯಾದೆಯ ಮಾತಲ್ಲ, ಸುರಕ್ಷತೆಯ ಮಾತು. ಈ ಕಾಡಿನಲ್ಲಿ ಕಾಟಿಯಿದೆ, ಕರಡಿಯಿದೆ. ಪೊದೆಯೊಳಗೆ ಕಾಟಿ ಬುಸುಗುಟ್ಟಿದ್ದು ಉಳಿದವರಿಗೆ ಕೇಳಿ ಅವರು ನಿಂತಾಗ ನೀವು ಇನ್ನೂ ನಾಲ್ಕು ಹೆಜ್ಜೆ ಮುಂದಿಟ್ಟಿರಬಾರದು. ಹೊರಡುವ ಮೊದಲೇ ಕೈಸನ್ನೆಗಳನ್ನು ಗೊತ್ತುಮಾಡಿಕೊಳ್ಳಿ: ಅಂಗೈ ತೋರಿಸಿದರೆ ನಿಲ್ಲುವುದು, ಕೈ ಕೆಳಕ್ಕೆ ಒತ್ತಿದರೆ ಕೂರುವುದು, ಬೆರಳು ತೋರಿಸಿದ ಕಡೆ ನೋಡುವುದು. ನಿಜ ಹೇಳಬೇಕೆಂದರೆ, ಇಂಥ ಗುಂಪನ್ನು ಕರೆದೊಯ್ದ ದಿನ ನಮಗೆ ಹೆಚ್ಚು ಹಕ್ಕಿ ಸಿಗುತ್ತವೆ, ಏಕೆಂದರೆ ಆ ದಿನ ಯಾರೂ ಕೂಗಿ ಮಾತನಾಡಿರುವುದಿಲ್ಲ. ಒಬ್ಬರೇ ಮಾತ್ರ ಕಾಡಿನ ದಾರಿಗೆ ಹೋಗಬೇಡಿ, ಹಗಲಿನಲ್ಲಿಯೂ ಬೇಡ.

ಡಿಸೆಂಬರಿನಲ್ಲಿ ಇಂಬಳದ ಕಾಟ ಬಹುಮಟ್ಟಿಗೆ ಇಳಿದಿರುತ್ತದೆ; ಉಣ್ಣೆಗಳ ಕಾಲ ಶುರುವಾಗಿರುತ್ತದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಕಾಣಿಸಿಕೊಂಡಿರುವುದರಿಂದ ತುಂಬುತೋಳಿನ ಅಂಗಿ ತೊಟ್ಟು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರದೆ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಮೈಯನ್ನು ಪರೀಕ್ಷಿಸಿಕೊಳ್ಳಿ.

ಮೈಸೂರಿನಿಂದ ಬರುವವರಿಗೆ ರಾತ್ರಿಯ ರೈಲಿನಲ್ಲಿ ಧಾರವಾಡದಲ್ಲಿ ಇಳಿಯುವುದು ಸುಲಭ. ಅಲ್ಲಿಂದ ದಾಂಡೇಲಿ ಸುಮಾರು 55 ಕಿಲೋಮೀಟರ್. ದಾಂಡೇಲಿಯಿಂದ ಗಣೇಶಗುಡಿ ಇನ್ನೂ 25 ಕಿಲೋಮೀಟರಿನಷ್ಟು.

ಮಂಗಟ್ಟೆ (ಧಾರವಾಡ):

ಆ್ಯಪಿನ ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಾನೂ ಅದನ್ನು ಬಳಸಿದೆ, ಆದರೆ ಒಂದು ಇಡೀ ಬೆಳಗು ಪರದೆಯನ್ನೇ ನೋಡುತ್ತ ಕಳೆದು, ಮೂವತ್ತು ಹೆಸರು ಓದಿ, ಐದು ಹಕ್ಕಿ ನೋಡಿ ಬಂದೆ. ಈಗ ಒಂದೆಡೆ ನಿಂತಾಗ ಎರಡು ನಿಮಿಷ ತೆರೆದು, ಏನಿದೆಯೆಂದು ತಿಳಿದುಕೊಂಡು ಜೇಬಿಗೆ ಹಾಕಿಬಿಡುತ್ತೇನೆ. ನಮಗೆ ಉಳಿದಿರುವುದು ಕಣ್ಣು. ಅದು ಮರದ ಮೇಲಿರಲಿ.

ಕೆರೆಏರಿ (ಮೈಸೂರು):

ನಿನ್ನೆ ಸಂಘಟಕರಿಗೆ ಪತ್ರ ಬರೆದೆ. ನನ್ನ ಕಿವಿ ಮಂದವೆಂದು, ಮುಂದಿನ ಸಾಲಿನಲ್ಲಿ ಜಾಗ ಬೇಕೆಂದು, ಪಟ್ಟಿಯನ್ನು ಬೆಳಕಿರುವಾಗಲೇ ಓದಬೇಕೆಂದು ನೇರವಾಗಿ ಬರೆದೆ. ಬರೆಯುವುದಕ್ಕೆ ಒಂದು ಗಂಟೆ ಹಿಡಿಯಿತು, ಉತ್ತರ ಅರ್ಧ ಗಂಟೆಯಲ್ಲಿ ಬಂದಿತು. ಸಂಜೆ ಐದಕ್ಕೆ ಚಹಾದ ಜೊತೆಗೇ ಪಟ್ಟಿ ಓದುವುದೆಂದು, ಎಲ್ಲರಿಗೂ ಹಕ್ಕಿಗಳ ಹೆಸರಿನ ಮುದ್ರಿತ ಹಾಳೆ ಕೊಡುವುದೆಂದು ತಿಳಿಸಿದ್ದಾರೆ. ಮೈಕನ್ನು ಈ ಭಾನುವಾರ ಸೊಸೆಯ ಅಂಗಿಗೆ ಸಿಕ್ಕಿಸಿ ಕೆರೆಯ ಏರಿಯ ಮೇಲೆ ಪರೀಕ್ಷಿಸುತ್ತೇನೆ. ಧಾರವಾಡಕ್ಕೆ ಟಿಕೆಟು ಕಾಯ್ದಿರಿಸಿಯಾಗಿದೆ. ಕೇಳಿಸದ ಹಕ್ಕಿಗೆ ಈ ಸಲ ಕೇಳಿಸಿತೆಂದು ತಲೆಯಾಡಿಸುವುದಿಲ್ಲ.