ಮನೆಯಲ್ಲಿ ಮಾಡಿದ ಸೌರಮಂಡಲದ ಮಾದರಿ: ಮಂಗಳ ಗ್ರಹವು ಭೂಮಿಯ ಜೊತೆಯಲ್ಲಿಯೇ ತಿರುಗುತ್ತಿದೆ

ಪ್ರಶ್ನೆ

ನಮಸ್ಕಾರ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳೊಡನೆ ಸೇರಿ, ಬುಧ, ಶುಕ್ರ, ಭೂಮಿ ಮತ್ತು ಮಂಗಳ ಸೂರ್ಯನನ್ನು ಸುತ್ತುವ ಮಾದರಿಯೊಂದನ್ನು ಮಾಡಿದ್ದೇನೆ. ಹಳೆಯ ರೇಡಿಯೊದ ಆಂಟೆನಾವನ್ನು ಬಿಚ್ಚಿ, ಒಂದರೊಳಗೊಂದು ಕೂರುವ ಅದರ ಕೊಳವೆಗಳನ್ನೇ ಅಕ್ಷಗಳನ್ನಾಗಿ ಬಳಸಿದ್ದೇನೆ. ಬುಧನದು ಎಲ್ಲಕ್ಕಿಂತ ಒಳಗಿನ ಕೊಳವೆ, ಮಂಗಳನದು ಎಲ್ಲಕ್ಕಿಂತ ಹೊರಗಿನದು. ನಿಮಿಷಕ್ಕೆ 10 ಸುತ್ತು ತಿರುಗುವ 12 ವೋಲ್ಟ್ ಗಿಯರ್ ಮೋಟಾರು ಪಕ್ಕದಲ್ಲಿ ನಿಲ್ಲಿಸಿರುವ ಕಡ್ಡಿಯೊಂದನ್ನು ತಿರುಗಿಸುತ್ತದೆ, ಆ ಕಡ್ಡಿಯಿಂದ ಪ್ರತಿ ಕೊಳವೆಗೂ ರಬ್ಬರ್ ಬ್ಯಾಂಡ್ ಹಾಯ್ದಿದೆ. ಪುಲ್ಲಿಗಳ ವ್ಯಾಸವನ್ನು ಲೆಕ್ಕ ಹಾಕಿಯೇ ಕತ್ತರಿಸಿದ್ದೇನೆ. ಆದರೂ ಭೂಮಿ ಎರಡು ಸುತ್ತು ಮುಗಿಸುವಷ್ಟರಲ್ಲಿ ಒಂದು ಸುತ್ತಿಗಿಂತ ಚೂರು ಹೆಚ್ಚು ಸಾಗಬೇಕಾದ ಮಂಗಳವು ಭೂಮಿಯ ಬೆನ್ನಿಗೆ ಅಂಟಿಕೊಂಡಂತೆ ಓಡುತ್ತದೆ, ಒಮ್ಮೊಮ್ಮೆ ಗಕ್ಕನೆ ನಿಂತು ಮತ್ತೆ ಹೊರಡುತ್ತದೆ. ಬ್ಯಾಂಡನ್ನು ಬಿಗಿ ಮಾಡಿದರೆ ಮೋಟಾರು ಮುಲುಗುತ್ತದೆ.

ಇನ್ನೊಂದು ಚಿಕ್ಕ ತೊಂದರೆ: ಮಂಗಳನ ಥರ್ಮಕೋಲ್ ಚೆಂಡಿಗೆ ಸ್ಪ್ರೇ ಬಣ್ಣ ಹೊಡೆದ ಕೂಡಲೇ ಅದರ ಮೈ ಕರಗಿ ಗುಳಿಬಿದ್ದಿತು. ಅದನ್ನೇ ಮಂಗಳನ ಕುಳಿಗಳೆಂದು ತೋರಿಸೋಣ ಎಂಬುದು ಮಗಳ ವಾದ.

ಉತ್ತರ 1

ಮಗಳ ವಾದದಲ್ಲಿ ಹುರುಳಿದೆ. ಸ್ಪ್ರೇ ಬಣ್ಣದಲ್ಲಿರುವ ದ್ರಾವಕವು ಥರ್ಮಕೋಲನ್ನು ಕರಗಿಸುತ್ತದೆ, ಆದ್ದರಿಂದ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ಕುಂಚದಿಂದ ಹಚ್ಚಿರಿ. ಮಂಗಳನ ವಿಷಯದಲ್ಲಿ ಬ್ಯಾಂಡ್ ಸಡಿಲವಾಗಿದೆಯೆಂದು ನನಗೆ ತೋರುತ್ತದೆ. ಇನ್ನೂ ದಪ್ಪನೆಯ ಬ್ಯಾಂಡ್ ಹಾಕಿ ನೋಡಿರಿ.

ಉತ್ತರ 2

ಮೇಲಿನವರ ಬಣ್ಣದ ಸಲಹೆ ಸರಿಯಾಗಿದೆ, ಆದರೆ ಬ್ಯಾಂಡನ್ನು ಬದಲಿಸುವ ಮೊದಲು ಒಂದು ಪರೀಕ್ಷೆ ಮಾಡುವುದು ಒಳ್ಳೆಯದು. ನಾಲ್ಕೂ ಬ್ಯಾಂಡುಗಳನ್ನು ಕಳಚಿ, ಭೂಮಿಯ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿರಿ. ಆಗ ಮಂಗಳನ ತೋಳೂ ಜೊತೆಗೆ ತಿರುಗಿದರೆ ದೋಷವಿರುವುದು ಬ್ಯಾಂಡಿನಲ್ಲಿ ಅಲ್ಲ, ಕೊಳವೆಗಳ ನಡುವೆ. ಎಳೆದ ಆಂಟೆನಾ ತನ್ನಷ್ಟಕ್ಕೆ ಕೆಳಗೆ ಜಾರಬಾರದೆಂದು ಅದರ ಕೊಳವೆಗಳು ಒಂದನ್ನೊಂದು ಹಿಡಿದುಕೊಳ್ಳುವಂತೆಯೇ ಮಾಡಿರುತ್ತಾರೆ: ಪ್ರತಿ ಕೊಳವೆಯ ಬಾಯಿ ಒಳಕ್ಕೆ ಬಾಗಿರುತ್ತದೆ, ಒಳಗಿನ ಕೊಳವೆಯ ಬುಡ ತುಸು ಉಬ್ಬಿರುತ್ತದೆ. ರೇಡಿಯೊಗೆ ಗುಣವಾದದ್ದು ನಿಮ್ಮ ಮಾದರಿಗೆ ದೋಷವಾಗಿದೆ. ಎರಡೂ ತುದಿಗಳಲ್ಲಿ ಸುಮಾರು ಒಂದು ಸೆಂಟಿಮೀಟರನ್ನು ಕತ್ತರಿಸಿ ತೆಗೆದು, ಗರಗಸವು ಬಿಟ್ಟ ಚೂಪಾದ ಅಂಚನ್ನು ದುಂಡನೆಯ ಅರದಿಂದ ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೇ ಹನಿ ಬಿಡಿರಿ.

ಪ್ರಶ್ನೆ ಕೇಳಿದವರಿಂದ

ನೀವು ಹೇಳಿದಂತೆಯೇ ಆಗಿತ್ತು. ಬ್ಯಾಂಡುಗಳಿಲ್ಲದೆಯೂ ಮಂಗಳವು ಭೂಮಿಯೊಡನೆ ತಿರುಗಿತು. ಕೊಳವೆಯ ಬಾಯಿಗೆ ಉಗುರು ತಾಗಿಸಿದರೆ ಒಳಕ್ಕೆ ಬಾಗಿದ ಅಂಚು ಸ್ಪಷ್ಟವಾಗಿ ಸಿಕ್ಕಿತು. ಕತ್ತರಿಸಿ ಉಜ್ಜಿದ ಮೇಲೆ ನಾಲ್ಕೂ ತೋಳುಗಳು ಬೇರೆ ಬೇರೆಯಾಗಿ ತಿರುಗುತ್ತಿವೆ, ಮೋಟಾರಿನ ಮುಲುಗೂ ನಿಂತಿದೆ. ಆದರೆ ಲೆಕ್ಕ ಮಾತ್ರ ಇನ್ನೂ ಕೂಡುತ್ತಿಲ್ಲ. ಎಲ್ಲ ಗ್ರಹಗಳನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಪ್ರತಿ ಸಲ ಹೊಸದಾಗಿ ಹೊರಡಿಸಿದರೂ, ಭೂಮಿ ಹತ್ತು ಸುತ್ತು ಮುಗಿಸುವ ಹೊತ್ತಿಗೆ ಶುಕ್ರವು ಒಂದೊಂದು ಸಲ ಒಂದೊಂದು ಕಡೆ ಇರುತ್ತದೆ.

ಉತ್ತರ 2

ರಬ್ಬರ್ ಬ್ಯಾಂಡ್ ಇರುವವರೆಗೂ ಅದು ಕೂಡುವುದಿಲ್ಲ, ಏಕೆಂದರೆ ಅದು ಪ್ರತಿ ಸುತ್ತಿನಲ್ಲಿಯೂ ಚೂರುಚೂರು ಜಾರುತ್ತದೆ. ಜೊತೆಗೆ ಬ್ಯಾಂಡಿನ ದಪ್ಪವೂ ಪುಲ್ಲಿಯ ವ್ಯಾಸಕ್ಕೆ ಸೇರಿಕೊಳ್ಳುವುದರಿಂದ ಚಿಕ್ಕ ಪುಲ್ಲಿಯ ಲೆಕ್ಕ ಹೆಚ್ಚು ತಪ್ಪುತ್ತದೆ. ಹಲ್ಲಿನ ಚಕ್ರಗಳಿಗೆ ಬದಲಾಯಿಸಿಕೊಳ್ಳಿರಿ. ಇಲ್ಲಿ ಹಲವರು ಎಡವುವ ಜಾಗವೊಂದಿದೆ: ಪಕ್ಕದ ಕಡ್ಡಿಗೂ ನಡುವಿನ ಕೊಳವೆಗಳಿಗೂ ಇರುವ ದೂರ ಎಲ್ಲ ಜೋಡಿಗಳಿಗೂ ಒಂದೇ ಆಗಿರುವುದರಿಂದ, ಹಲ್ಲಿನ ಗಾತ್ರ ಒಂದೇ ಇದ್ದಾಗ ಪ್ರತಿ ಜೋಡಿಯ ಹಲ್ಲುಗಳ ಮೊತ್ತವೂ ಒಂದೇ ಬರಬೇಕು. ಬೇರೆ ಬೇರೆ ಮೊತ್ತಗಳನ್ನಿಟ್ಟು ನೋಡಿದಾಗ ನನಗೆ 96 ಚೆನ್ನಾಗಿ ಹೊಂದಿತು. ಕೊಳವೆಯ ಚಕ್ರದ ಹಲ್ಲುಗಳನ್ನು ಮೊದಲು, ಕಡ್ಡಿಯ ಚಕ್ರದ ಹಲ್ಲುಗಳನ್ನು ನಂತರ ಹೇಳುವುದಾದರೆ, ಬುಧನಿಗೆ 31 ಮತ್ತು 65, ಶುಕ್ರನಿಗೆ 53 ಮತ್ತು 43, ಭೂಮಿಗೆ 64 ಮತ್ತು 32, ಮಂಗಳನಿಗೆ 76 ಮತ್ತು 20. ಭೂಮಿಯ ಒಂದು ಸುತ್ತನ್ನು 365.25 ದಿನವೆಂದು ಹಿಡಿದರೆ ಬುಧನಿಗೆ ಸುಮಾರು 87 ದಿನ, ಶುಕ್ರನಿಗೆ 225, ಮಂಗಳನಿಗೆ 694 ಬರುತ್ತದೆ. ನಿಜವಾದ ಅವಧಿಗಳು 88, 225 ಮತ್ತು 687. ಮನೆಯ ಮಾದರಿಗೆ ಇಷ್ಟು ಸಾಕು.

ಹಲ್ಲಿನ ಗಾತ್ರ ಮಾಡ್ಯೂಲ್ 1 (ಅಂದರೆ ಪ್ರತಿ ಹಲ್ಲಿಗೂ ಚಕ್ರದ ವ್ಯಾಸದಲ್ಲಿ 1 ಮಿಲಿಮೀಟರ್) ಎಂದು ಹೇಳಿ ಲೇಸರ್ ಕಟ್ಟಿಂಗ್ ಅಂಗಡಿಯಲ್ಲಿ 3 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆಯಿಂದ ಕತ್ತರಿಸಿಕೊಂಡರೆ, ಎರಡು ಅಕ್ಷಗಳ ನಡುವಿನ ದೂರ ಸರಿಯಾಗಿ 48 ಮಿಲಿಮೀಟರ್ ಆಗುತ್ತದೆ. ಮೇಲಿನ ಮತ್ತು ಕೆಳಗಿನ ಹಲಗೆಗಳನ್ನು ಒಟ್ಟಿಗೆ ಬಿಗಿದು ಒಂದೇ ಸಲಕ್ಕೆ ತೂತು ಕೊರೆಯಿರಿ, ಇಲ್ಲವಾದರೆ ಕಡ್ಡಿ ವಾಲುತ್ತದೆ. ಆಂಟೆನಾದ ಮೆರುಗಿಗೆ ಅಂಟು ಹಿಡಿಯುವುದಿಲ್ಲ, ಆದ್ದರಿಂದ ಚಕ್ರ ಕೂರುವ ಜಾಗವನ್ನಷ್ಟೇ ಉಪ್ಪುಕಾಗದದಿಂದ ತಿಕ್ಕಿ ಅಂಟಿಸಿರಿ. ಗುರುವನ್ನು ಸೇರಿಸುವ ಆಸೆಯಿದ್ದರೆ ಸದ್ಯಕ್ಕೆ ತಡೆದುಕೊಳ್ಳಿರಿ, ಅದರ 11.86 ವರ್ಷದ ಅವಧಿ ಒಂದೇ ಜೋಡಿ ಚಕ್ರಕ್ಕೆ ಒಗ್ಗುವುದಿಲ್ಲ.

ಉತ್ತರ 3

ಚಕ್ರಗಳ ಲೆಕ್ಕ ಸೊಗಸಾಗಿದೆ, ಆದರೆ ಗ್ರಹಗಳ ಗಾತ್ರ ಮತ್ತು ದೂರಗಳೂ ಅಳತೆಗೆ ಸರಿಯಾಗಿರಬೇಕಲ್ಲವೇ?

ಉತ್ತರ 2

ಸೂರ್ಯನನ್ನು 10 ಸೆಂಟಿಮೀಟರಿನ ಚೆಂಡು ಮಾಡಿದರೆ ಭೂಮಿಯು ಒಂದು ಮಿಲಿಮೀಟರಿಗಿಂತಲೂ ಚಿಕ್ಕ ಕಾಳಾಗಿ ಸುಮಾರು 10.7 ಮೀಟರ್ ದೂರದಲ್ಲಿರಬೇಕಾಗುತ್ತದೆ. ಮೇಜಿನ ಮೇಲಿನ ಮಾದರಿ ಕಾಲದ ಅನುಪಾತವನ್ನು ತೋರಿಸಿದರೆ ಸಾಕು. ದೂರವನ್ನು ತೋರಿಸಲು ಶಾಲೆಯ ಮೈದಾನವಿದೆ.

ಪ್ರಶ್ನೆ ಕೇಳಿದವರಿಂದ

ಚಕ್ರಗಳನ್ನು ಕೂರಿಸಿದ್ದಾಯಿತು. ಮೊದಲ ಸಲ ಎಲ್ಲ ಗ್ರಹಗಳೂ ಪ್ರದಕ್ಷಿಣೆಯಾಗಿ ಹೊರಟವು. ಉತ್ತರದ ಕಡೆಯಿಂದ ನೋಡಿದರೆ ಅವು ಅಪ್ರದಕ್ಷಿಣೆಯಾಗಿ ಹೋಗಬೇಕೆಂದು ಮಗಳು ತಕರಾರು ತೆಗೆದದ್ದರಿಂದ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದೆ. ಈಗ ಭೂಮಿಯ ಒಂದು ಸುತ್ತಿಗೆ 12 ಸೆಕೆಂಡು ಹಿಡಿಯುತ್ತದೆ. ಸೂರ್ಯ, ಭೂಮಿ, ಮಂಗಳ ಈ ಕ್ರಮದಲ್ಲಿ ಒಂದೇ ಗೆರೆಗೆ ಬರುವುದನ್ನು ಗಡಿಯಾರ ಹಿಡಿದು ಎಣಿಸಿದಾಗ 25 ಸೆಕೆಂಡಿಗೊಮ್ಮೆ ಬರುತ್ತಿತ್ತು, ಅಂದರೆ ಎರಡು ವರ್ಷಕ್ಕಿಂತ ತುಸು ಹೆಚ್ಚು. ಆಕಾಶದಲ್ಲಿ ಅದು ಸರಾಸರಿ 780 ದಿನ. ಗುಳಿಬಿದ್ದ ಮಂಗಳನನ್ನು ಬದಲಿಸಲು ಮಗಳು ಒಪ್ಪಲಿಲ್ಲ, ಕೆಂಪು ಅಕ್ರಿಲಿಕ್ ಬಣ್ಣವನ್ನು ಅದರ ಮೇಲೆಯೇ ಹಚ್ಚಿದ್ದಾಳೆ.